ಯಾವ ಹಾಡದು, ಹೇಳ್ರಿ ನೋಡೋಣ

ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಹೆದ್ದಾರಿ ಬದಿಗೆ ಚಹಾ ಕುಡಿಯುತ್ತ ನಿಂತವರಿಗೆ ಯಾವ ಹಾಡೂ ಪೂರ್ತಿ ಕೇಳಿಸುವುದಿಲ್ಲ. ಕಬ್ಬು ಹೇರಿಕೊಂಡು ಎರಡು ಟ್ರೇಲರ್ ಎಳೆಯುತ್ತ ಬರುವ ಟ್ರ್ಯಾಕ್ಟರ್ ದೂರವಿದ್ದಾಗ ಕೇಳುವುದು ಸ್ಪೀಕರಿನ ಬರೀ ಗುದ್ದು. ಎದುರಿಗೆ ಬಂದಾಗ ಎರಡು ಮೂರು ಶಬ್ದ ಕಿವಿಗೆ ಬೀಳುತ್ತವೆ. ದಾಟಿ ಹೋಯಿತೆಂದರೆ ಅಷ್ಟೇ. ಆದರೂ ಅಲ್ಲಿ ನಿಂತವರಲ್ಲಿ ಯಾರೋ ಒಬ್ಬರು ಮುಂದಿನ ಸಾಲು ಗುನುಗಲು ಶುರು ಮಾಡಿರುತ್ತಾರೆ. ಕೇಳಿದರೆ ಯಾವ ಹಾಡೆಂದು ಹೇಳುತ್ತಾರೆ, ಹಾಡಿದವರು ಯಾರೆಂದೂ ಹೇಳುತ್ತಾರೆ.

ಇದು ಎಷ್ಟು ದಿನನಿತ್ಯದ ಸಂಗತಿಯೆಂದರೆ, ಇದರೊಳಗೊಂದು ಪ್ರಶ್ನೆ ಇದೆ ಎಂದೇ ಅನ್ನಿಸುವುದಿಲ್ಲ. ಸಿನಿಮಾ ಹಾಡು, ಭಜನೆ ಪದ, ಸೋಬಾನ, ಶಾಲೆಯ ಪದ್ಯ ಎಲ್ಲ ಸೇರಿದರೆ ಸಾಧಾರಣ ಕೇಳುಗನ ತಲೆಯಲ್ಲಿ ನೂರಾರು ಹಾಡುಗಳಿರುತ್ತವೆ. ಎರಡು ಶಬ್ದದ ಆಸರೆಯಿಂದ ಅವುಗಳಲ್ಲಿ ಒಂದನ್ನು ಕ್ಷಣದಲ್ಲಿ ಎತ್ತಿ ತರುವುದು ಹೇಗೆ? ಒಂದು ಸಾಲು ಕೇಳಿದೊಡನೆ ಎದ್ದು ಬರುವ ಹಾಡು, ಅದೇ ಹಾಡಿನ ಇನ್ನೊಂದು ಸಾಲಿಗೆ ಯಾಕೆ ಏಳುವುದಿಲ್ಲ? ನನಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆನಿಸುತ್ತದೆ. ಕೇಳುಗನ ನೆನಪು ಎಷ್ಟು ಚುರುಕು ಎಂಬುದಕ್ಕಿಂತ, ಹಾಡನ್ನು ಹೇಗೆ ಕಟ್ಟಿದ್ದಾರೆ ಎಂಬುದರಲ್ಲಿ ಅದರ ಉತ್ತರವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಪದ ಕಟ್ಟಿದವರು ಈ ವಿದ್ಯೆಯಲ್ಲಿ ಬಹಳ ಪಳಗಿದವರಾಗಿದ್ದರು.

ಹಾಡಿನ ತುಣುಕು ಕೊಟ್ಟು ಹಾಡು ಕೇಳುವ ಆಟವನ್ನು ವಿಜ್ಞಾನಿಗಳೂ ಆಡಿದ್ದಾರೆ. ಐರಾ ಹೈಮನ್ ಮತ್ತು ಡೇವಿಡ್ ರೂಬಿನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬೀಟಲ್ಸ್ ತಂಡದ ಹಾಡುಗಳನ್ನು ಆರಿಸಿಕೊಂಡರು. 76 ವಿದ್ಯಾರ್ಥಿಗಳಿಗೆ ಹಾಡಿನ ಹೆಸರನ್ನೂ ಮೊದಲ ಸಾಲನ್ನೂ ಕೊಟ್ಟು, ಉಳಿದದ್ದನ್ನು ನೆನಪಿನಿಂದ ಬರೆಯಿರಿ ಎಂದರು. ಬೇರೆ 704 ವಿದ್ಯಾರ್ಥಿಗಳಿಗೆ 25 ಹಾಡುಗಳಿಂದ ಒಂದೊಂದು ಸಾಲು ಕೊಟ್ಟು, ಇದು ಯಾವ ಹಾಡು ಹೇಳಿ ಎಂದರು. ಮೊದಲ ಗುಂಪಿನವರಿಗೆ ನೆನಪಾದದ್ದು ನೂರಕ್ಕೆ 21 ಸಾಲು ಮಾತ್ರ. ಯಾವ ಸಾಲು ಉಳಿಯುತ್ತದೆ ಎಂಬುದನ್ನು ಎರಡು ಸಂಗತಿಗಳು ಬಹುಮಟ್ಟಿಗೆ ನಿರ್ಧರಿಸಿದ್ದವು: ಆ ಸಾಲು ಹಾಡಿನಲ್ಲಿ ಎಷ್ಟು ಸಲ ಮರಳಿ ಬರುತ್ತದೆ, ಮೊದಲ ಸಲ ಎಷ್ಟು ಬೇಗ ಬರುತ್ತದೆ. ಎರಡನೆಯ ಗುಂಪಿನವರಲ್ಲಿ, ಕೊಟ್ಟ ಸಾಲಿನಲ್ಲಿ ಹಾಡಿನ ಹೆಸರಿನ ಶಬ್ದಗಳಿದ್ದರೆ ಸರಿಯುತ್ತರ ಹೆಚ್ಚು ಸಲ ಬಂತು, ಇಲ್ಲದಿದ್ದರೆ ಕಡಿಮೆ.

ಮೇಲ್ನೋಟಕ್ಕೆ ಇದರಲ್ಲೇನು ಹೊಸದು ಎನ್ನಿಸಬಹುದು. ಆದರೆ ಈ ಫಲಿತಾಂಶವನ್ನು ನಮ್ಮ ಹಾಡುಗಳ ಮೇಲಿಟ್ಟು ನೋಡಿ. ಇಂಗ್ಲಿಷ್ ಹಾಡಿಗೆ ಬೇರೆಯದೇ ಒಂದು ಹೆಸರಿರುತ್ತದೆ. ಹೆಸರಿನ ಶಬ್ದ ಹಾಡಿನ ನಡುವೆ ಎಲ್ಲೋ ಬರಬಹುದು, ಬಾರದೆಯೂ ಇರಬಹುದು. ಕನ್ನಡದಲ್ಲಿ ದಾಸರ ಪದವಿರಲಿ, ತತ್ವಪದವಿರಲಿ, ಸಿನಿಮಾ ಹಾಡಿರಲಿ, ಪಲ್ಲವಿಯ ಮೊದಲ ಶಬ್ದಗಳೇ ಅದರ ಹೆಸರು. ಪಲ್ಲವಿ ಎಲ್ಲಕ್ಕಿಂತ ಮೊದಲು ಬರುತ್ತದೆ. ಪ್ರತಿ ಚರಣ ಮುಗಿದ ಮೇಲೂ ಮರಳಿ ಬರುತ್ತದೆ. ಅಮೆರಿಕದ ಅಧ್ಯಯನದಲ್ಲಿ ಬೇರೆ ಬೇರೆಯಾಗಿ ಕಂಡ ಮೂರು ಅನುಕೂಲಗಳೂ ಇಲ್ಲಿ ಒಂದೇ ಸಾಲಿನಲ್ಲಿ ಕೂಡಿವೆ. ಹಾಗಾಗಿ ಕನ್ನಡದ ಹಾಡಿಗೆ ಬಲು ಗಟ್ಟಿಯಾದ ಒಂದು ಹಿಡಿಕೆ ಇದೆ. ಉಳಿದ ಭಾಗ ಅಷ್ಟೇ ಜಾರುತ್ತದೆ. ಎರಡನೆಯ ಚರಣದ ಮೂರನೆಯ ಸಾಲು ಕೊಟ್ಟು ಕೇಳಿದರೆ ದಿನವೂ ಆ ಹಾಡು ಹಾಡುವವರೂ ತಡವರಿಸುತ್ತಾರೆ.

ಗೀಗೀ ಮೇಳದವರು ಈ ಹಿಡಿಕೆಯನ್ನು ಇನ್ನೂ ಬಲಪಡಿಸಿದರು. ದಪ್ಪು, ತುಂತುಣಿ, ತಾಳ ಹಿಡಿದು ಮುಂದಿನವರು ಒಂದು ನುಡಿ ಹಾಡುತ್ತಾರೆ. ಹಿಂದಿನವರು ಗೀ ಗೀ ಎಂದು ಎಳೆದು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಆ ಎಳೆತದಲ್ಲಿ ಮುಂದಿನವರಿಗೆ ಮುಂದಿನ ನುಡಿ ನೆನೆಸಿಕೊಳ್ಳಲು ಬಿಡುವು ಸಿಗುತ್ತದೆ. ಕೇಳುವವರಿಗೆ ಪಲ್ಲವಿ ಮತ್ತೊಮ್ಮೆ ಕಿವಿಗೆ ಬಿದ್ದು ಊರಿಕೊಳ್ಳುತ್ತದೆ. ರಾತ್ರಿಯಿಡೀ ನಡೆಯುವ ಹರದೇಶಿ-ನಾಗೇಶಿ ವಾದದಲ್ಲಿ, ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ ಸವಾಲು ಹಾಕುವಾಗ, ಎದುರಿನವರ ಪದದ ಒಂದು ತುಣುಕು ಹಿಡಿದೇ ಉತ್ತರದ ಪದ ಎತ್ತಬೇಕು. ನಮ್ಮ ಮದುವೆ ಮನೆಗಳ ಅಂತ್ಯಾಕ್ಷರಿ ಅದರ ಮುಂದೆ ಮಕ್ಕಳಾಟ. ಅಂತ್ಯಾಕ್ಷರಿಗೆ ಬೇಕಾದದ್ದು ಒಂದು ಅಕ್ಷರ, ಅದರಿಂದ ಶುರುವಾಗುವ ಯಾವ ಹಾಡಾದರೂ ಆದೀತು. ಸವಾಲಿಗೆ ಜವಾಬು ಕೊಡಲು ಆ ಒಂದೇ ಪದ ಬೇಕು.

ಹೀಗೆ ಕಟ್ಟಿದ ಪದ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಈ ಸೀಮೆಯಲ್ಲೇ ಸಾಕ್ಷಿ ಇದೆ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಈ ಭಾಗದ ಲಾವಣಿಗಳನ್ನು ಅಚ್ಚು ಹಾಕಿಸಿದಾಗ ರಾಯಣ್ಣನ ದಂಗೆಯ ಪದವೂ ಅವುಗಳಲ್ಲಿತ್ತು. ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಬೈಲಹೊಂಗಲದಲ್ಲಿ ನಡೆದ ಕೊಲೆಯ ಸುತ್ತ ಹುಟ್ಟಿದ ಸಂಗ್ಯಾ-ಬಾಳ್ಯಾ ಕಥೆಯೂ ಸಣ್ಣಾಟದ ಪದಗಳಲ್ಲಿ ಇಂದಿಗೂ ಬಾಯಲ್ಲಿ ಉಳಿದಿದೆ. ಅದೇ ಘಟನೆಗಳ ಸರಕಾರಿ ಕಡತಗಳನ್ನು ಯಾರೂ ಬಾಯಿಪಾಠ ಮಾಡಲಿಲ್ಲ.

ಇನ್ನು ಶಬ್ದಗಳ ಮಾತು. ಎಲ್ಲ ಶಬ್ದಗಳೂ ಸಮಾನ ಸುಳಿವು ಕೊಡುವುದಿಲ್ಲ. ನಿಮಗೆ ಸಾವಿರ ಹಾಡು ಗೊತ್ತು ಎಂದಿಟ್ಟುಕೊಳ್ಳಿ. ಅವುಗಳಲ್ಲಿ ಅರ್ಧದಷ್ಟರಲ್ಲಿ ‘ಮನಸು’ ಎಂಬ ಶಬ್ದವಿದ್ದರೆ, ಅದು ಕಿವಿಗೆ ಬಿದ್ದಾಗ ಐನೂರು ಹಾಡು ಬಿಟ್ಟುಹೋಗುತ್ತವೆ, ಇನ್ನೂ ಐನೂರು ಉಳಿಯುತ್ತವೆ. ಸಾವಿರವನ್ನು ಅರ್ಧ, ಅರ್ಧದ ಅರ್ಧ ಎಂದು ಕತ್ತರಿಸುತ್ತ ಒಂದಕ್ಕೆ ತರಲು ಅಂಥ ಹತ್ತು ಸುಳಿವು ಬೇಕು. ಆದರೆ ಒಂದೇ ಒಂದು ಹಾಡಿನಲ್ಲಿ ಮಾತ್ರ ಇರುವ ಶಬ್ದ, ಒಂದು ಊರಿನ ಹೆಸರೋ ಒಂದು ಒಡವೆಯ ಹೆಸರೋ, ಆ ಹತ್ತೂ ಸುಳಿವಿನ ಕೆಲಸವನ್ನು ಒಂದೇ ಏಟಿಗೆ ಮಾಡುತ್ತದೆ. ಮಾಹಿತಿಯನ್ನು ಹೀಗೆ ಅಳೆಯುವ ದಾರಿ ಹಾಕಿಕೊಟ್ಟವನು ಕ್ಲಾಡ್ ಶಾನನ್, 1948ರಲ್ಲಿ. ಅಪರೂಪದ ಶಬ್ದಕ್ಕೆ ಹೆಚ್ಚು ತೂಕ ಕೊಡಬೇಕೆಂಬ ಲೆಕ್ಕವನ್ನು ಹುಡುಕುವ ಯಂತ್ರಗಳಿಗೆ ಕಲಿಸಿದವಳು ಕೇಂಬ್ರಿಜ್‌ನ ಕ್ಯಾರನ್ ಸ್ಪಾರ್ಕ್ ಜೋನ್ಸ್, 1972ರಲ್ಲಿ. ಇಂದು ಫೋನಿನಲ್ಲಿ ಒಂದು ಸಾಲು ಬರೆದು ಹಾಡು ಹುಡುಕಿದಾಗ ಹಿಂದೆ ನಿಂತಿರುವುದರಲ್ಲಿ ಇಂಥ ಲೆಕ್ಕವೂ ಒಂದು.

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಪದ ಕೇಳುವಾಗ ಇದು ಚೆನ್ನಾಗಿ ತಿಳಿಯುತ್ತದೆ. ಗುಡ್ಡದಿಂದಾಚೆ ಈ ಸೀಮೆಯಲ್ಲಿ ಎಲ್ಲಿಯಾದರೂ ‘ಉಧೋ’ ಎಂಬುದು ಕಿವಿಗೆ ಬಿದ್ದರೆ ಅದು ಯಲ್ಲಮ್ಮನ ಪದವಿರಬೇಕೆಂದು ತಕ್ಷಣ ಊಹಿಸಬಹುದು. ಗುಡ್ಡದ ಮೇಲೆ ಅದೇ ಶಬ್ದಕ್ಕೆ ಆ ಬಲವಿಲ್ಲ. ಅಲ್ಲಿ ಎಲ್ಲ ಪದಗಳೂ ಅದನ್ನೇ ಹೇಳುತ್ತವೆ. ಒಂದೇ ಸುಳಿವಿಗೆ ಹೆಚ್ಚು ನೆನಪುಗಳು ಜೋತುಬಿದ್ದಷ್ಟೂ ಆ ಸುಳಿವು ಸೊರಗುತ್ತದೆ ಎಂಬುದು ನೆನಪಿನ ಅಧ್ಯಯನದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ಎಂ.ಕೆ. ಹುಬ್ಬಳ್ಳಿಯಲ್ಲಿ ಇದಕ್ಕೆ ಇನ್ನೂ ಸೊಗಸಾದ ಉದಾಹರಣೆ ಇದೆ. ಇಲ್ಲಿ ಮಲಪ್ರಭೆಯ ಒಡಲಲ್ಲೇ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಹೊಳೆ ತುಂಬಿ ಬಂದಾಗ ನೀರು ಅದನ್ನು ಸುತ್ತುವರಿಯುತ್ತದೆ. ವಚನ ಓದುವಾಗ ಕೊನೆಯ ಅಂಕಿತವನ್ನು ಮರೆಮಾಡಿ ‘ಇದು ಯಾರ ವಚನ’ ಎಂದು ಕೇಳುವುದು ಶರಣರ ಗೋಷ್ಠಿಗಳಲ್ಲಿ ಮಕ್ಕಳಿಗೆ ಒಡ್ಡುವ ಒಳ್ಳೆಯ ಪರೀಕ್ಷೆ. ಅಂಕಿತ ಸಿಕ್ಕರೆ ಪರೀಕ್ಷೆ ಮುಗಿದಂತೆ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಅವರವೆಂದು ಎಣಿಸಲಾಗುವ ವಚನಗಳು ಸುಮಾರು 1,400. ಗಂಗಾಂಬಿಕೆ ಅದೇ ಅಂಕಿತದ ಮುಂದೆ ‘ಗಂಗಾಪ್ರಿಯ’ ಎಂದು ಸೇರಿಸಿಕೊಂಡಳು. ಅವಳ ವಚನಗಳು ನಮಗೆ ಸಿಕ್ಕಿರುವುದು ಹತ್ತರ ಆಸುಪಾಸು. ಆ ಒಂದು ಶಬ್ದ ಹುಡುಕಾಟವನ್ನು ಸಾವಿರದ ನಾನೂರರಿಂದ ಹತ್ತಕ್ಕೆ ಇಳಿಸುತ್ತದೆ. ಮೇಲಿನ ಲೆಕ್ಕದಂತೆ ನೋಡಿದರೆ ಏಳು ಸಲ ಅರ್ಧಕ್ಕೆ ಕತ್ತರಿಸಿದಷ್ಟು ಕೆಲಸ. ಅವಳು ಐಕ್ಯಳಾದ ಮಲಪ್ರಭೆ ಮುಂದೆ ಹರಿದು ಕೃಷ್ಣೆಯನ್ನು ಕೂಡುವುದು ಕೂಡಲಸಂಗಮದಲ್ಲೇ. ಅಂಕಿತ, ಹೊಳೆ, ಊರು ಒಂದಕ್ಕೊಂದು ಹೀಗೆ ಬೆಸೆದುಕೊಂಡಿರುವುದು ನೆನಪಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಆ ಮಂಟಪದ ಬಳಿ ನಿಂತು ವಚನ ಕೇಳಿದವರಿಗೆ ವಿವರಿಸಬೇಕಾಗಿಲ್ಲ.

ಆದರೆ ಅಂಕಿತ ಬರುವುದು ಕೊನೆಯಲ್ಲಿ. ಅಲ್ಲಿಯವರೆಗೆ ಸಾಲುಗಳು ಒಂದನ್ನೊಂದು ಎಳೆದು ತರಬೇಕು. ಅದು ಆಗುವುದು ಪ್ರಾಸ, ಲಯ, ಅರ್ಥ ಮೂರೂ ಕೂಡಿ. ರೂಬಿನ್ ಮತ್ತು ವಾಂಡಾ ವಾಲೇಸ್ ಇದನ್ನು ಸರಳವಾಗಿ ಅಳೆದರು. ಒಂದು ಶಬ್ದವನ್ನು ಊಹಿಸಲು ಅರ್ಥದ ಸುಳಿವು ಮಾತ್ರ ಕೊಟ್ಟಾಗ ನೂರಕ್ಕೆ 14 ಸಲ ಮಾತ್ರ ಆ ಶಬ್ದ ಬಂತು. ಪ್ರಾಸದ ಸುಳಿವು ಮಾತ್ರ ಕೊಟ್ಟಾಗ 19 ಸಲ. ಎರಡನ್ನೂ ಒಟ್ಟಿಗೆ ಕೊಟ್ಟಾಗ 97 ಸಲ. ಕನ್ನಡದಲ್ಲಿ ನೀವೇ ಮಾಡಿ ನೋಡಬಹುದು. ‘ಒಂದು ಹೂವಿನ ಹೆಸರು ಹೇಳಿ’ ಎಂದರೆ ಸಂಪಿಗೆ, ಸೇವಂತಿಗೆ, ಜಾಜಿ, ತಾವರೆ ಏನೂ ಬಂದೀತು. ‘ಎರಡನೆಯ ಅಕ್ಷರ ಲ್ಲಕಾರ ಇರುವ ಶಬ್ದ ಹೇಳಿ’ ಎಂದರೆ ಬೆಲ್ಲ, ಕಲ್ಲು, ಹಲ್ಲು, ಎಲ್ಲಿ. ಎರಡನ್ನೂ ಸೇರಿಸಿ ಕೇಳಿ, ಹೆಚ್ಚಿನವರ ಬಾಯಿಗೆ ಬರುವುದು ಮಲ್ಲಿಗೆಯೇ. ಎರಡನೆಯ ಅಕ್ಷರವನ್ನು ಸಾಲುಸಾಲಿಗೂ ಒಂದೇ ಇಡುವ ಆದಿಪ್ರಾಸವನ್ನು ಹಳೆಯ ಕವಿಗಳು ಬರೀ ಅಲಂಕಾರಕ್ಕೆ ಇಟ್ಟುಕೊಳ್ಳಲಿಲ್ಲ ಎಂದು ನನಗನ್ನಿಸುವುದು ಇದಕ್ಕೇ. ಓಲೆಗರಿ ಕೈಯಲ್ಲಿಲ್ಲದವನಿಗೆ ಮುಂದಿನ ಸಾಲಿನ ಬಾಗಿಲು ಅಲ್ಲಿ ಅರ್ಧ ತೆರೆದೇ ಇರುತ್ತದೆ.

ತಪ್ಪುಗಳೂ ಇದನ್ನೇ ಹೇಳುತ್ತವೆ. ಬೀಟಲ್ಸ್ ಅಧ್ಯಯನದಲ್ಲಿ ಬರೆದದ್ದರಲ್ಲಿ ತಪ್ಪುಗಳು ಬಹಳ ಕಡಿಮೆ. ಆದ ತಪ್ಪುಗಳೂ ಲಯವನ್ನಾಗಲಿ ಪ್ರಾಸವನ್ನಾಗಲಿ ಅರ್ಥವನ್ನಾಗಲಿ ಮುರಿದದ್ದು ಅಪರೂಪ. ಭಜನಾ ಮಂಡಳಿಗಳಲ್ಲಿ ಒಂದೇ ತತ್ವಪದವನ್ನು ಒಂದೂರವರು ಒಂದು ಶಬ್ದ ಹಾಕಿ, ಪಕ್ಕದೂರವರು ಇನ್ನೊಂದು ಶಬ್ದ ಹಾಕಿ ಹಾಡುವುದನ್ನು ಗಮನಿಸಿ. ಎರಡೂ ಶಬ್ದಗಳ ಮಾತ್ರೆ ಒಂದೇ ಇರುತ್ತದೆ. ನೆನಪು ತಪ್ಪಿದರೂ ತಾಳ ತಪ್ಪಿಲ್ಲ.

ಧಾಟಿಯ ವಿಚಾರ ಸ್ವಲ್ಪ ಬೇರೆ. ರೆಕಾರ್ಡಾದ ಹಾಡನ್ನು ಗುರುತಿಸಲು ಸಾಹಿತ್ಯ ಬರುವವರೆಗೂ ಕಾಯಬೇಕಾಗಿಲ್ಲ. ಅಮೆರಿಕದ ಸಂಗೀತ ಮನೋವಿಜ್ಞಾನಿ ಕ್ಯಾರಲ್ ಕ್ರಮ್‌ಹಾನ್ಸಲ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನಪ್ರಿಯ ಹಾಡುಗಳ 0.4 ಸೆಕೆಂಡಿನ ತುಣುಕು ಕೇಳಿಸಿದಾಗ, ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೇಳುಗರು ಹಾಡನ್ನೂ ಹಾಡುಗಾರರನ್ನೂ ಸರಿಯಾಗಿ ಹೇಳಿದರು. ಅಷ್ಟು ಹೊತ್ತಿನಲ್ಲಿ ಒಂದು ಸಣ್ಣ ಶಬ್ದಕ್ಕಿಂತ ಹೆಚ್ಚು ಮುಗಿಯುವುದಿಲ್ಲ. ಕಿವಿ ಹೆಚ್ಚಾಗಿ ಹಿಡಿದದ್ದು ಧ್ವನಿಯ ಬಣ್ಣ, ವಾದ್ಯದ ನಾದ ಇರಬೇಕು. ಸಿನಿಮಾ ಹಾಡಿನಲ್ಲಿ ಇದು ಸಾಧ್ಯ, ಯಾಕೆಂದರೆ ಅಲ್ಲಿ ಒಂದೊಂದು ಹಾಡಿಗೂ ಅದರದೇ ಧಾಟಿ, ಅದರದೇ ವಾದ್ಯಮೇಳ.

ಬೀಸುಕಲ್ಲಿನ ಪದಕ್ಕೆ ಹಾಗಲ್ಲ. ನೂರಾರು ತ್ರಿಪದಿಗಳು ಒಂದೇ ಧಾಟಿಯಲ್ಲಿ ಸಾಗುತ್ತವೆ. ತವರಿನ ಪದ, ಅಣ್ಣತಮ್ಮಂದಿರ ಪದ, ದೇವರ ಪದ, ಎಲ್ಲಕ್ಕೂ ಅದೇ. ಆದ್ದರಿಂದ ಧಾಟಿ ಯಾವ ಪದವೆಂದು ಹೇಳಿಕೊಡುವುದಿಲ್ಲ. ಆದರೆ ಬೇರೊಂದು ಉಪಕಾರ ಮಾಡುತ್ತದೆ. ವಾಲೇಸ್ 1994ರಲ್ಲಿ ತೋರಿಸಿದಂತೆ, ಒಂದೇ ಧಾಟಿ ಹಲವು ನುಡಿಗಳಲ್ಲಿ ಮರಳಿ ಬಂದು ಕಿವಿಗೆ ಪರಿಚಯವಾದರೆ, ಸುಮ್ಮನೆ ಓದಿ ಹೇಳಿದ್ದಕ್ಕಿಂತ ಹಾಡಿ ಹೇಳಿದ ಸಾಲು ಚೆನ್ನಾಗಿ ನೆನಪುಳಿಯುತ್ತದೆ. ಒಂದೇ ನುಡಿ ಕೇಳಿದವರಿಗೆ ಆ ಲಾಭವಿಲ್ಲ. ಹಳೆಯ ಧಾಟಿಯಲ್ಲಿ ಹೊಸ ಪದ ಕಲಿಯುವ ಹೆಣ್ಣುಮಗಳಿಗೆ ಎಷ್ಟು ಮಾತ್ರೆ ತುಂಬಬೇಕು, ಎಲ್ಲಿ ಎಳೆಯಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಕಲಿಯಬೇಕಾದದ್ದು ಶಬ್ದ ಮಾತ್ರ. ತ್ರಿಪದಿ ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೆ ಹಿಡಿದು ಮೂರನೆಯದಕ್ಕೆ ಇಳಿಯುತ್ತಾರಲ್ಲ, ಅದೂ ಗೀಗೀಯ ಎಳೆತದಂತೆ ಮುಂದಿನ ಸಾಲಿಗೆ ಕೊಟ್ಟ ಬಿಡುವೇ ಇರಬೇಕು.

ಹಾಡು ನಮ್ಮೊಳಗೆ ಸಾಗುವುದು ಒಂದೇ ದಿಕ್ಕಿಗೆ. ನಡುವಿನ ಸಾಲು ಕೊಟ್ಟು, ಇದರ ಹಿಂದಿನ ಸಾಲು ಯಾವುದು ಎಂದು ಕೇಳಿ. ಹೆಚ್ಚಿನವರು ಮನಸ್ಸಿನಲ್ಲೇ ಪಲ್ಲವಿಯಿಂದ ಹಾಡುತ್ತ ಬಂದು ಆ ಜಾಗ ಮುಟ್ಟುತ್ತಾರೆ. ರೂಬಿನ್ 1977ರಲ್ಲೇ ಇದನ್ನು ಗಮನಿಸಿದ್ದ: ಬಾಯಿಪಾಠ ಮಾಡಿದ್ದನ್ನು ಜನ ಮೊದಲಿನಿಂದ ಹೇಳುತ್ತ ಬರುತ್ತಾರೆ, ಮರೆತರೆ ಸಾಲಿನ ಅಥವಾ ವಾಕ್ಯದ ಅಂಚಿಗೆ ಬಂದು ನಿಲ್ಲುತ್ತಾರೆ. ಶಬ್ದದ ನಡುವೆ ನಿಲ್ಲುವುದು ಅಪರೂಪ. ಫೋನಿನೊಳಗಿನ ಶಜಾಮ್‌ನಂಥ ತಂತ್ರಾಂಶಕ್ಕೆ ಈ ತೊಡಕಿಲ್ಲ. ಅದು ಪ್ರತಿ ಹಾಡಿನ ಪ್ರತಿ ಕ್ಷಣದ ಧ್ವನಿಯ ಗುರುತನ್ನು ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಹಾಡಿನ ಆರಂಭವೂ ಒಂದೇ, ನಡುವೂ ಒಂದೇ. ನಮಗೆ ಆ ಪಟ್ಟಿ ಇಲ್ಲ. ಅದರ ಬದಲು ನಮಗೆ ಇನ್ನೊಂದಿದೆ: ಹಾಡು ಸಿಗುವ ಮೊದಲೇ ‘ಬಾಯಾಗ ಐತ್ರಿ, ಹೊರಗ ಬರವಲ್ದು’ ಎಂಬ ಅರಿವು. ರೋಜರ್ ಬ್ರೌನ್ ಮತ್ತು ಡೇವಿಡ್ ಮ್ಯಾಕ್‌ನೀಲ್ 1966ರಲ್ಲಿ ಈ ಸ್ಥಿತಿಯನ್ನು ಪ್ರಯೋಗಕ್ಕೊಡ್ಡಿದಾಗ, ಶಬ್ದ ಸಿಗದೆ ಒದ್ದಾಡುವವರಿಗೂ ಅದರ ಮೊದಲ ಅಕ್ಷರ, ಎಷ್ಟು ಉಚ್ಚಾರಾಂಶದ ಶಬ್ದ ಎಂಬುದು ಎಷ್ಟೋ ಸಲ ಸರಿಯಾಗಿ ಗೊತ್ತಿತ್ತು. ನೆನಪು ತುಂಡು ತುಂಡಾಗಿ ಬರುತ್ತದೆ, ಮತ್ತು ಬರುವುದಿದೆ ಎಂದು ಮೊದಲೇ ಹೇಳಿ ಕಳಿಸುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಸುಳಿವು ಶಬ್ದವೂ ಅಲ್ಲ, ಧಾಟಿಯೂ ಅಲ್ಲ. ಅದು ಕೆಲಸ. ಬೀಸುವ ಪದ ಬೀಸುವಾಗ ಬರುತ್ತದೆ, ಹಂತಿ ಪದ ಕಣದಲ್ಲಿ ಎತ್ತುಗಳು ಸುತ್ತುವಾಗ ಬರುತ್ತದೆ. ಬೀಸುಕಲ್ಲಿನ ಗೂಟ ಹಿಡಿದ ಕೈಯ ಸುತ್ತೇ ತ್ರಿಪದಿಯ ಲಯ. ಹಿಟ್ಟಿನ ಗಿರಣಿ ಊರೂರಿಗೆ ಬಂತು, ರಾಶಿ ಮಾಡಲು ಯಂತ್ರ ಬಂತು. ಹೆಣ್ಣುಮಕ್ಕಳ ರಟ್ಟೆಗೆ ಅದರಿಂದಾದ ಉಪಕಾರ ದೊಡ್ಡದು, ಅದನ್ನು ಯಾರೂ ಹಿಂದೆ ತಿರುಗಿಸಬೇಕಾಗಿಲ್ಲ. ಆದರೆ ಪದಗಳನ್ನು ಎಬ್ಬಿಸುತ್ತಿದ್ದ ಸುಳಿವು ಅದರೊಂದಿಗೆ ಹೋಯಿತು. ಹಲಸಂಗಿಯ ಗೆಳೆಯರು ಮನೆಮನೆಯ ಪದಗಳನ್ನು ಕೂಡಿಸಿ ‘ಗರತಿಯ ಹಾಡು’ ತಂದ ಕಾಲದಲ್ಲಿ ಬೀಸುಕಲ್ಲು ಇನ್ನೂ ತಿರುಗುತ್ತಿತ್ತು. ಇಂದು ಮೈಕು ಹಿಡಿದು ಕೂತು ‘ಅಜ್ಜಿ, ಒಂದು ಪದಾ ಹೇಳ್ರಿ’ ಎಂದರೆ, ‘ಎಲ್ಲಾ ಮರತೈತಪಾ’ ಎನ್ನುವ ಉತ್ತರ ಬರುತ್ತದೆ. ಮರೆತಿದೆಯೋ, ಕರೆಯುವವರಿಲ್ಲದೆ ಸುಮ್ಮನಿದೆಯೋ?

ಇಲ್ಲಿ ವಿಜ್ಞಾನ ಎಷ್ಟು ಹೇಳುತ್ತದೋ ಅಷ್ಟನ್ನೇ ಹೇಳಬೇಕು. ಕಲಿತ ಜಾಗದಲ್ಲೇ ನೆನಪು ಚೆನ್ನಾಗಿ ಬರುತ್ತದೆ ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಗಾಡೆನ್ ಮತ್ತು ಬ್ಯಾಡ್ಲಿಯವರ 1975ರ ಪ್ರಯೋಗ. ನೀರಿನಡಿ ಕಲಿತ ಶಬ್ದಗಳು ಮುಳುಗುಗಾರರಿಗೆ ನೀರಿನಡಿಯಲ್ಲೇ ಹೆಚ್ಚು ನೆನಪಾದವು. ಆದರೆ 2021ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಸುತ್ತಲಿನ ಜಾಗದ ಪ್ರಭಾವ ಅಂದುಕೊಂಡಷ್ಟು ದೊಡ್ಡದಿರಲಿಕ್ಕಿಲ್ಲ. ಬೀಸುಕಲ್ಲು ಮಾತ್ರ ಬರೀ ಜಾಗವಲ್ಲ, ಅದು ಪದದ ಲಯವನ್ನೇ ಕೈಗೆ ಕೊಡುತ್ತದೆ. ಹಾಗಾಗಿ ಅದರ ಸುಳಿವು ಹೆಚ್ಚು ಗಟ್ಟಿ ಎಂದು ನಾನು ಎಣಿಸುತ್ತೇನೆ. ಪರೀಕ್ಷಿಸುವುದು ಕಷ್ಟವೂ ಅಲ್ಲ. ಬೀಸುಕಲ್ಲುಗಳು ಇನ್ನೂ ಎಷ್ಟೋ ಹಿತ್ತಿಲುಗಳಲ್ಲಿ ಬಿದ್ದಿವೆ, ಪದ ಬಲ್ಲವರೂ ಇದ್ದಾರೆ. ಒಮ್ಮೆ ಕುರ್ಚಿಯಲ್ಲಿ ಕೂರಿಸಿ, ಒಮ್ಮೆ ಗೂಟ ಹಿಡಿಸಿ ಕೇಳಬೇಕು. ಇದಕ್ಕೆ ಉಳಿದಿರುವ ಕಾಲ ಮಾತ್ರ ಬಹಳ ಇಲ್ಲ.

ತುಣುಕಿನಿಂದ ಹಾಡು ಹಿಡಿಯುವ ಆಟಕ್ಕೆ ಇನ್ನೊಂದು ಅಗತ್ಯವಿದೆ: ಹೇಳುವವನಿಗೂ ಕೇಳುವವನಿಗೂ ಒಂದೇ ಹಾಡು ಗೊತ್ತಿರಬೇಕು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಹಲವು ದಶಕಗಳ ಕಾಲ ಈ ಸೀಮೆಯ ಹಳ್ಳಿಗಳು ಒಂದೇ ಹೊತ್ತಿಗೆ ಒಂದೇ ಹಾಡು ಕೇಳಿದವು. ಅಪ್ಪ ಹಚ್ಚಿದ ರೇಡಿಯೋವನ್ನು ಮಗನೂ ಕೇಳಲೇಬೇಕಿತ್ತು. ಕ್ರಮ್‌ಹಾನ್ಸಲ್ 2013ರಲ್ಲಿ ಇನ್ನೊಬ್ಬರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ ತಮ್ಮ ಕಾಲದ ಹಾಡಿನ ಜೊತೆಗೆ ತಂದೆತಾಯಿಯ ಯೌವನದ ಹಾಡುಗಳೂ ವಿಶೇಷವಾಗಿ ನೆನಪಿದ್ದುದು ಕಂಡುಬಂತು. ಮನೆಯಲ್ಲಿ ಒಟ್ಟಿಗೆ ಕೇಳಿದ್ದರ ಗುರುತಿರಬೇಕು ಅದು. ಈಗ ಒಂದೇ ಕೋಣೆಯಲ್ಲಿ ನಾಲ್ಕು ಫೋನು, ನಾಲ್ಕು ಇಯರ್‌ಫೋನು.

2020ರ ನಂತರ ರೀಲ್ಸ್ ಬಂದು ಮತ್ತೊಂದು ಬದಲಾವಣೆಯಾಗಿದೆ. ಹಾಡಿನ ನಡುವಿನಿಂದ ಹದಿನೈದು, ಮೂವತ್ತು ಸೆಕೆಂಡು ಕತ್ತರಿಸಿ ಅದನ್ನೇ ನೂರು ಸಲ ಕೇಳಿಸುತ್ತಾರೆ. ಚರಣದ ಯಾವುದೋ ಸಾಲು ಈಗ ಎಲ್ಲಕ್ಕಿಂತ ಹೆಚ್ಚು ಸಲ ಕಿವಿಗೆ ಬೀಳುವ ಸಾಲು. ಪಲ್ಲವಿಯನ್ನು ಕೇಳಿಯೇ ಇರದವರೂ ಉಂಟು. ಹಾಗಾದರೆ ಹೈಮನ್ ಮತ್ತು ರೂಬಿನ್ ಕಂಡ ನಿಯಮದ ಎರಡು ತುದಿಗಳು, ಮೊದಲು ಬರುವುದು ಮತ್ತು ಮರಳಿ ಬರುವುದು, ಬೇರೆಬೇರೆಯಾಗಿ ಹೋಗುತ್ತವೆ. ಯಾವುದಕ್ಕೆ ಹೆಚ್ಚು ಬಲ ಎಂದು ನೋಡಲು ಇದೇ ತಕ್ಕ ಸಮಯ. ಕಿತ್ತೂರಿನದೋ ಬೈಲಹೊಂಗಲದ್ದೋ ಒಂದು ಕಾಲೇಜಿನ ಮಕ್ಕಳು ಇದನ್ನು ಒಂದು ವಾರದಲ್ಲಿ ಮಾಡಬಹುದು. 25 ಹಾಡು ಆರಿಸಿ, ಪ್ರತಿಯೊಂದರಿಂದ ಪಲ್ಲವಿಯ ಒಂದು ಸಾಲನ್ನೂ ರೀಲ್ಸ್‌ನಲ್ಲಿ ಓಡುತ್ತಿರುವ ನಡುವಿನ ಒಂದು ಸಾಲನ್ನೂ ಧಾಟಿಯಿಲ್ಲದೆ ಕಾಗದದ ಮೇಲೆ ಬರೆಯಬೇಕು. ಒಬ್ಬರಿಗೆ ಒಂದು ಹಾಡಿನ ಒಂದೇ ಸಾಲು ತೋರಿಸಬೇಕು. ಐವತ್ತು ದಾಟಿದವರನ್ನೂ ಇಪ್ಪತ್ತು ಮುಟ್ಟದವರನ್ನೂ ಬೇರೆ ಬೇರೆ ಕೂರಿಸಿ ಯಾವ ಹಾಡೆಂದು ಕೇಳಬೇಕು, ಎಷ್ಟು ಹೊತ್ತಿಗೆ ಉತ್ತರ ಬಂತು ಎಂಬುದನ್ನು ಫೋನಿನ ಗಡಿಯಾರದಲ್ಲೇ ಬರೆದುಕೊಳ್ಳಬೇಕು. ಹಿರಿಯರಿಗೆ ಪಲ್ಲವಿ ಬೇಗ ಹಾಡು ತರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹುಡುಗರಿಗೆ ನಡುವಿನ ಸಾಲೇ ಬೇಗ ತಂದರೆ ಮರಳಿ ಬರುವುದರ ಬಲವೇ ದೊಡ್ಡದು ಎಂದಾಯಿತು; ಅವರಿಗೂ ಪಲ್ಲವಿಯೇ ಮುಂದಿದ್ದರೆ, ಹಾಡಿನ ಹೆಸರಾಗಿ ಮೊದಲಲ್ಲಿ ಕೂತ ಸಾಲಿಗೆ ನೂರು ರೀಲ್ಸ್‌ಗಿಂತ ಹೆಚ್ಚಿನ ಹಿಡಿತವಿದೆ ಎಂದಾಯಿತು.